ದೂರದ ಯುದ್ಧ ಮತ್ತು ಮಿತ್ರಕೂಟದ ಪರೀಕ್ಷೆ



ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯ ಬಳಿಕ ವಾರ್ತೆ ಓದುವ ವಾಡಿಕೆಯಿದೆಯಷ್ಟೆ. ಒಂದು ದಿನ ನ್ಯಾಟೋ ಕೂಟದ ರಾಷ್ಟ್ರಗಳು ಖರ್ಚಿನ ವಿಷಯದಲ್ಲಿ ವಾದಿಸಿದ ಸುದ್ದಿಯನ್ನು ಓದಿದರು. ಅಂದು ನಾನು ಒಂಬತ್ತನೆಯ ತರಗತಿಗೆ ಹೋದಾಗ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಕನ್ನಡ ಪತ್ರಿಕೆಯಲ್ಲಿ ಮೈತ್ರಿಕೂಟ ಎಂದಿದೆ, ನಮ್ಮ ಮನೆಗೆ ಬರುವ ಮಲೆಯಾಳ ಪತ್ರಿಕೆಯಲ್ಲಿ ಸಖ್ಯ ಎಂದಿದೆ. ಎರಡಕ್ಕೂ ಗೆಳೆತನವೆಂದೇ ಅರ್ಥವಲ್ಲವೇ? ಗೆಳೆಯರಾದ ಮೇಲೆ ಲೆಕ್ಕಕ್ಕಾಗಿ ಜಗಳ ಏಕೆ?” ಎಂದು ಕೇಳಿದಳು. ಅದು ವ್ಯಾಕರಣದ ಪಾಠದ ಹೊತ್ತು. ಗಂಟೆ ಬಾರಿಸುವ ತನಕ ಹೇಳಿದರೂ ಉತ್ತರ ಮುಗಿಯಲಿಲ್ಲ. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆತ್ತವರೂ ಮಕ್ಕಳ ಜೊತೆಯಲ್ಲಿ ಕುಳಿತು ಓದಿದರೆ ಸಂತೋಷ.

ಮಿತ್ರಕೂಟವೆಂದರೇನು?

ಗೆಳೆತನಕ್ಕೆ ಕಾಗದ ಬೇಡ; ಮಿತ್ರಕೂಟಕ್ಕೆ ಬೇಕು. ‘ನಮ್ಮಲ್ಲಿ ಒಬ್ಬರಿಗೆ ಆಪತ್ತು ಬಂದರೆ ಉಳಿದವರು ನೆರವಾಗುವೆವು’ ಎಂದು ಹಲವು ರಾಷ್ಟ್ರಗಳು ಸೇರಿ ಬರೆದು ಸಹಿ ಹಾಕಿದ ಕರಾರೇ ಸೈನಿಕ ಮಿತ್ರಕೂಟ.

ಹಿಂದೆ ನಮ್ಮ ಊರುಗಳಲ್ಲಿ ಮುಳಿಹುಲ್ಲಿನ ಮಾಡಿನ ಮನೆಗಳೇ ಹೆಚ್ಚಾಗಿದ್ದವು. ಒಂದು ಮನೆಗೆ ಬೆಂಕಿ ಬಿದ್ದರೆ ನೆರೆಕರೆಯವರೆಲ್ಲ ಓಡಿ ಬರುತ್ತಿದ್ದರು. ಒಬ್ಬನು ಕೊಡಪಾನದಲ್ಲಿ ನೀರು ತಂದರೆ ಇನ್ನೊಬ್ಬನು ಏಣಿ ತರುತ್ತಿದ್ದನು. ಮತ್ತೊಬ್ಬನು ಹಸಿ ಸೊಪ್ಪಿನ ಗೆಲ್ಲು ಹಿಡಿದು ಬಡಿಯುತ್ತಿದ್ದನು. ಯಾರು ಎಷ್ಟು ಕೊಡ ನೀರು ಹೊಯ್ದರೆಂದು ಆಗ ಲೆಕ್ಕವಿಡುವವರಿಲ್ಲ. ಏಕೆಂದರೆ ಬೆಂಕಿ ಕಣ್ಣೆದುರಿಗೇ ಇದೆ. ಗಾಳಿ ತಿರುಗಿದರೆ ತನ್ನ ಮಾಡಿಗೂ ಬರುತ್ತದೆಂಬುದು ಎಲ್ಲರಿಗೂ ಗೊತ್ತು. ಕೆಲಸವೂ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ.

ಆದರೆ ಬೆಂಕಿ ಆರಿದ ಮೇಲೆ ಮನೆಯ ಯಜಮಾನನು, “ಬೆಂಕಿ ಇಟ್ಟವನು ಏಳು ಗುಡ್ಡದಾಚೆ ಅಡಗಿದ್ದಾನೆ. ಅವನನ್ನು ಹಿಡಿಯೋಣ, ಅವನಿಗೆ ಆಶ್ರಯ ಕೊಟ್ಟ ಊರನ್ನೂ ಸರಿಪಡಿಸೋಣ, ಎಲ್ಲರೂ ಬನ್ನಿ” ಎಂದು ಕರೆದರೆ? ಮೊದಲ ದಿನ ಎಲ್ಲರೂ ಹೊರಡುತ್ತಾರೆ. ತಿಂಗಳು ಕಳೆದರೆ ಒಬ್ಬನಿಗೆ ತೋಟದ ನೆನಪಾಗುತ್ತದೆ, ಇನ್ನೊಬ್ಬನಿಗೆ ಮನೆಯವರ ಪತ್ರ ಬರುತ್ತದೆ. ಇಪ್ಪತ್ತು ವರ್ಷ ಕಳೆದರೆ ಏನಾದೀತು? ‘ಆಪತ್ತಿಗಾದವನೇ ನೆಂಟ’ ಎಂಬ ಗಾದೆ ಬೆಂಕಿಯ ರಾತ್ರಿಗೆ ಸಾಕು. ಇಪ್ಪತ್ತು ವರ್ಷಗಳಿಗೆ ಅದೊಂದೇ ಸಾಲದು. ನ್ಯಾಟೋ ಕೂಟಕ್ಕೆ ಅಫ್ಘಾನಿಸ್ಥಾನದಲ್ಲಿ ಒದಗಿದ ಪರೀಕ್ಷೆ ಇಂಥದು.

1949ರ ಕರಾರು

ಎರಡನೆಯ ಮಹಾಯುದ್ಧ ಮುಗಿದ ಬಳಿಕ ಸೋವಿಯೆತ್ ರಷ್ಯದ ಬಲವನ್ನು ಕಂಡು ಪಶ್ಚಿಮ ಯುರೋಪು ಹೆದರಿತು. 1949ರ ಏಪ್ರಿಲ್ 4ರಂದು ವಾಷಿಂಗ್ಟನ್ನಿನಲ್ಲಿ ಅಮೇರಿಕ, ಕೆನಡ, ಬ್ರಿಟನ್, ಫ್ರಾನ್ಸ್ ಮೊದಲಾದ 12 ರಾಷ್ಟ್ರಗಳು ಉತ್ತರ ಅಟ್ಲಾಂಟಿಕ್ ಒಪ್ಪಂದಕ್ಕೆ ಸಹಿ ಹಾಕಿದವು. ನ್ಯಾಟೋ ಎಂಬುದು ಈ ಒಪ್ಪಂದದಿಂದ ಹುಟ್ಟಿದ ಸಂಸ್ಥೆಯ ಕಿರುಹೆಸರು. ಸ್ವಂತ ಸೈನ್ಯವೇ ಇಲ್ಲದ ಐಸ್‌ಲ್ಯಾಂಡ್ ಕೂಡ ಆ ಹನ್ನೆರಡರಲ್ಲಿ ಒಂದು.

ಈ ಒಪ್ಪಂದದ ಐದನೆಯ ವಿಧಿಯೇ ಅದರ ಜೀವಾಳ. ಯುರೋಪು ಅಥವಾ ಉತ್ತರ ಅಮೇರಿಕದಲ್ಲಿ ಸದಸ್ಯ ರಾಷ್ಟ್ರವೊಂದರ ಮೇಲೆ ಸಶಸ್ತ್ರ ದಾಳಿಯಾದರೆ ಅದನ್ನು ಎಲ್ಲರ ಮೇಲಿನ ದಾಳಿಯೆಂದು ಭಾವಿಸಬೇಕೆಂದು ಅದು ಹೇಳುತ್ತದೆ. ಆದರೆ ಎಲ್ಲರೂ ಸೈನ್ಯ ಕಳುಹಿಸಲೇಬೇಕೆಂದು ಹೇಳುವುದಿಲ್ಲ. ಪ್ರತಿಯೊಂದು ರಾಷ್ಟ್ರವೂ ತನಗೆ ಅಗತ್ಯವೆಂದು ತೋರಿದ ಕ್ರಮವನ್ನು ಕೈಗೊಂಡರೆ ಸಾಕು. ಕೊಡಪಾನ ತರುವವನು ಕೊಡಪಾನ ತರಲಿ, ಏಣಿ ತರುವವನು ಏಣಿ ತರಲಿ ಎಂಬಂತೆ. ಈ ಸಡಿಲಿಕೆಯಿಂದಾಗಿಯೇ ಅಷ್ಟು ರಾಷ್ಟ್ರಗಳು ಸಹಿ ಹಾಕಿದವು. ಮುಂದೆ ತಂಟೆ ಹುಟ್ಟಿದ್ದೂ ಈ ಸಡಿಲಿಕೆಯಿಂದಲೇ.

ನಲವತ್ತು ವರ್ಷಗಳ ಕಾಲ ಐದನೆಯ ವಿಧಿಯನ್ನು ಬಳಸುವ ಪ್ರಸಂಗ ಬರಲಿಲ್ಲ. 1991ರಲ್ಲಿ ಸೋವಿಯೆತ್ ಒಕ್ಕೂಟವೇ ಒಡೆದುಹೋಯಿತು. ಶತ್ರುವಿಲ್ಲದ ಮೇಲೆ ಮಿತ್ರಕೂಟವೇಕೆ ಎಂದು ಹಲವರು ಕೇಳತೊಡಗಿದರು.

ಮೊದಲ ಕರೆ

2001ರ ಸೆಪ್ಟೆಂಬರ್ 11ರಂದು ಅಲ್ ಖೈದಾ ಸಂಘಟನೆಯವರು ವಿಮಾನಗಳನ್ನು ಅಪಹರಿಸಿ ಅಮೇರಿಕದ ಮೇಲೆ ದಾಳಿ ಮಾಡಿದರು. ಸುಮಾರು 3,000 ಜನ ಸತ್ತರು. ಮರುದಿನವೇ ನ್ಯಾಟೋ ಕೂಟ ಐದನೆಯ ವಿಧಿಯನ್ನು ಹೊರತೆಗೆಯಿತು. ಇದುವರೆಗೆ ಅದನ್ನು ಬಳಸಿದ್ದು ಆ ಒಂದೇ ಸಲ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿರಿ. ಆಪತ್ತಿನ ಕಾಲದಲ್ಲಿ ಅಮೇರಿಕವು ಯುರೋಪಿಗೆ ನೆರವಾಗಲೆಂದು ಬರೆದ ಕರಾರು ಅದು. ಆದರೆ ಮೊದಲು ನೆರವಿಗೆ ಹೋದದ್ದು ಯುರೋಪಿನವರು. ನ್ಯಾಟೋ ಕೂಟದ ಕಾವಲು ವಿಮಾನಗಳು 2001ರ ಅಕ್ಟೋಬರಿನಿಂದ 2002ರ ಮೇ ತಿಂಗಳ ತನಕ ಅಮೇರಿಕದ ಆಕಾಶವನ್ನು ಕಾದವು.

ಅಲ್ ಖೈದಾದ ನಾಯಕರಿಗೆ ಆಶ್ರಯವಿತ್ತವರು ಅಫ್ಘಾನಿಸ್ಥಾನವನ್ನು ಆಳುತ್ತಿದ್ದ ತಾಲಿಬಾನರು. 2001ರ ಅಕ್ಟೋಬರ್ 7ರಂದು ಅಮೇರಿಕವು ಬ್ರಿಟನ್ನಿನ ಜೊತೆಯಲ್ಲಿ ಅಲ್ಲಿ ಯುದ್ಧವನ್ನಾರಂಭಿಸಿತು. ತಾಲಿಬಾನ್ ಆಳ್ವಿಕೆ ಬೇಗನೆ ಕುಸಿಯಿತು. ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಕಾಬೂಲ್ ನಗರದ ರಕ್ಷಣೆಗೆ ಅಂತರರಾಷ್ಟ್ರೀಯ ಪಡೆಯೊಂದಕ್ಕೆ ಒಪ್ಪಿಗೆಯಿತ್ತಿತು. 2003ರ ಆಗಸ್ಟ್ 11ರಂದು ಆ ಪಡೆಯ ನಾಯಕತ್ವ ನ್ಯಾಟೋ ಕೂಟಕ್ಕೆ ಬಂತು. ಯುರೋಪಿನ ಆಚೆ ಅದು ವಹಿಸಿಕೊಂಡ ಮೊದಲ ದೊಡ್ಡ ಕೆಲಸವಿದು. ಮೊದಲು ಕಾಬೂಲಿಗಷ್ಟೇ ಸೀಮಿತವಾಗಿದ್ದ ಹೊಣೆ 2006ರ ಕೊನೆಯ ಹೊತ್ತಿಗೆ ಇಡೀ ದೇಶಕ್ಕೆ ಹಬ್ಬಿತು. ಒಂದು ಹಂತದಲ್ಲಿ ಸುಮಾರು 50 ರಾಷ್ಟ್ರಗಳ 1,30,000 ಸೈನಿಕರು ಅಲ್ಲಿದ್ದರು.

ಹೀಗೆ ಒಂದು ರಾತ್ರಿಯ ಬೆಂಕಿ ಏಳು ಗುಡ್ಡದಾಚೆಯ ಪ್ರಯಾಣವಾಯಿತು. ಪ್ರಯಾಣದಲ್ಲಿ ಮೂರು ಪ್ರಶ್ನೆಗಳು ಒಂದರ ಹಿಂದೆ ಒಂದು ಎದ್ದವು.

ಮೊದಲನೆಯ ಪ್ರಶ್ನೆ: ಯಾತಕ್ಕಾಗಿ?

ಅಲ್ ಖೈದಾವನ್ನು ಓಡಿಸುವುದು ಮೊದಲ ಗುರಿ. ಅದು ಎಲ್ಲರಿಗೂ ಅರ್ಥವಾಗುವಂಥದು. ತರುವಾಯ ಗುರಿಗಳು ಒಂದಕ್ಕೊಂದು ಸೇರುತ್ತ ಹೋದವು: ಚುನಾವಣೆ ನಡೆಸಬೇಕು, ರಸ್ತೆ ಮಾಡಬೇಕು, ಶಾಲೆ ತೆರೆಯಬೇಕು, ಅಫೀಮಿನ ಬೆಳೆ ನಿಲ್ಲಿಸಬೇಕು, ಹೊಸ ಸೈನ್ಯ ಕಟ್ಟಬೇಕು. ಒಂದೊಂದೂ ಒಳ್ಳೆಯದೇ. ಆದರೆ ಯಾವುದು ಮುಗಿದರೆ ಮನೆಗೆ ಮರಳಬಹುದೆಂದು ಹೇಳುವವರಿರಲಿಲ್ಲ.

ಈ ನಡುವೆ 2003ರ ಮಾರ್ಚಿನಲ್ಲಿ ಅಮೇರಿಕವು ಇರಾಕಿನ ಮೇಲೂ ಯುದ್ಧ ಹೂಡಿತು. ಬ್ರಿಟನ್ ಅದರ ಜೊತೆಗೆ ಹೋಯಿತು. ಫ್ರಾನ್ಸ್ ಮತ್ತು ಜರ್ಮನಿ ಬಲವಾಗಿ ವಿರೋಧಿಸಿದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಅಮೇರಿಕದ ಗಮನವೂ ಸೈನ್ಯವೂ ಇರಾಕಿನ ಕಡೆಗೆ ಹರಿದಾಗ ತಾಲಿಬಾನರು ಮತ್ತೆ ಬಲಗೊಂಡರು. 2011ರ ಮೇ ತಿಂಗಳಲ್ಲಿ ಒಸಾಮಾ ಬಿನ್ ಲಾಡೆನ್ ಪಾಕಿಸ್ತಾನದ ಅಬೋಟಾಬಾದಿನಲ್ಲಿ ಅಮೇರಿಕದ ಪಡೆಯಿಂದ ಹತನಾದನು. ಇನ್ನು ನಮ್ಮ ಮಕ್ಕಳು ಅಲ್ಲಿ ಯಾತಕ್ಕಾಗಿ ಇರಬೇಕೆಂದು ಮಿತ್ರರಾಷ್ಟ್ರಗಳ ತಾಯಿತಂದೆಯರು ಕೇಳಿದರೆ ಅವರನ್ನು ತಪ್ಪೆನ್ನುವುದು ಹೇಗೆ?

ಎರಡನೆಯ ಪ್ರಶ್ನೆ: ಯಾರ ಹೊರೆ ಎಷ್ಟು?

ಸೈನಿಕರನ್ನು ಕಳುಹಿಸಿದ ಹಲವು ರಾಷ್ಟ್ರಗಳು ಷರತ್ತುಗಳನ್ನೂ ಹಾಕಿದ್ದವು. ಜರ್ಮನಿಯ ಪಡೆ ಮುಖ್ಯವಾಗಿ ಉತ್ತರದಲ್ಲಿತ್ತು. ಅಲ್ಲಿಯ ಪಾರ್ಲಿಮೆಂಟು ಕಾಲಕಾಲಕ್ಕೆ ಅನುಮತಿಯನ್ನು ನವೀಕರಿಸಬೇಕಾಗಿತ್ತು. ಇಟಲಿಯ ಪಡೆ ಪಶ್ಚಿಮದ ಹೆರಾತಿನ ಕಡೆಗಿತ್ತು. ದಕ್ಷಿಣದಲ್ಲಿ ಕಾಳಗ ಹೆಚ್ಚು. ಅಲ್ಲಿಯ ಹೆಲ್ಮಂದದಲ್ಲಿ ಬ್ರಿಟನ್ ಮತ್ತು ಡೆನ್ಮಾರ್ಕಿನವರು, ಕಂದಹಾರದಲ್ಲಿ ಕೆನಡದವರು, ಉರುಜ್ಗಾನಿನಲ್ಲಿ ನೆದರ್‌ಲ್ಯಾಂಡಿನವರು ಇದ್ದರು. ‘ನಾವು ಸಾಯುತ್ತಿದ್ದೇವೆ, ಅವರು ಕಾವಲು ಕಾಯುತ್ತಿದ್ದಾರೆ’ ಎಂಬ ಮಾತು ದಕ್ಷಿಣದಲ್ಲಿದ್ದವರ ಬಾಯಲ್ಲಿ ಬಂತು. ಆದರೆ ಉತ್ತರವೂ ಸುರಕ್ಷಿತವಾಗಿ ಉಳಿಯಲಿಲ್ಲ.

ಲೆಕ್ಕವನ್ನು ನೋಡಿರಿ. ಇಪ್ಪತ್ತು ವರ್ಷಗಳಲ್ಲಿ ಅಮೇರಿಕದ 2,400ಕ್ಕೂ ಮಿಕ್ಕಿ ಸೈನಿಕರು ಅಲ್ಲಿ ಪ್ರಾಣ ತೆತ್ತರು. ಬ್ರಿಟನ್ನಿನ 457 ಮಂದಿ, ಕೆನಡದ 158 ಮಂದಿ ಸತ್ತರು. ಡೆನ್ಮಾರ್ಕಿನವರು 40ಕ್ಕೂ ಮಿಕ್ಕಿ. ಈ ಸಂಖ್ಯೆ ಚಿಕ್ಕದೆಂದು ಹೇಳಬೇಡಿರಿ. ಆ ದೇಶದ ಜನಸಂಖ್ಯೆ ಆಗ ಸುಮಾರು 55 ಲಕ್ಷ ಮಾತ್ರ. ಜನಸಂಖ್ಯೆಗೆ ಹೋಲಿಸಿ ನೋಡಿದರೆ ಡೆನ್ಮಾರ್ಕಿನ ನಷ್ಟ ಅಮೇರಿಕದ ನಷ್ಟಕ್ಕೆ ಸರಿಸಮವಾಗಿಯೇ ನಿಲ್ಲುತ್ತದೆ. ಗಣಿತದ ಪಾಠದಲ್ಲಿ ಕಲಿತ ಅನುಪಾತ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಹಣದ ಮಾತು ಬೇರೆ. 2011ರ ಜೂನಿನಲ್ಲಿ ಅಮೇರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಅವರು ಬ್ರಸೆಲ್ಸಿನಲ್ಲಿ ಮಿತ್ರರನ್ನು ಕಟುವಾಗಿ ಎಚ್ಚರಿಸಿದರು. ಕೂಟದ ಒಟ್ಟು ರಕ್ಷಣಾ ವೆಚ್ಚದಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಅಮೇರಿಕವೇ ಹೊರುತ್ತಿದೆ, ಹೀಗೆಯೇ ನಡೆದರೆ ಕೂಟದ ಭವಿಷ್ಯ ಮಂಕಾದೀತು ಎಂಬುದು ಅವರ ಮಾತಿನ ಸಾರಾಂಶ. ಯುರೋಪಿನವರ ಉತ್ತರವೂ ಇತ್ತು: ನೀವು ಕರೆದಲ್ಲಿಗೆ, ನಮ್ಮ ನೆಲದಿಂದ ಐದು ಸಾವಿರ ಕಿಲೋಮೀಟರ್ ದೂರಕ್ಕೆ, ನಾವು ಬಂದೆವಲ್ಲ? ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಇಬ್ಬರೂ ನಿಜ ಹೇಳುವಾಗಲೇ ಜಗಳ ಬಿಡಿಸುವುದು ಕಷ್ಟ.

ಯುದ್ಧ ದೀರ್ಘವಾದಂತೆ ರಣರಂಗ ಮಿತ್ರರಾಷ್ಟ್ರಗಳ ಪಾರ್ಲಿಮೆಂಟುಗಳಿಗೇ ಬಂತು. 2010ರ ಫೆಬ್ರವರಿಯಲ್ಲಿ, ಉರುಜ್ಗಾನಿನಲ್ಲಿ ಸೈನ್ಯವನ್ನು ಇನ್ನಷ್ಟು ಕಾಲ ಇರಿಸಬೇಕೇ ಎಂಬ ಪ್ರಶ್ನೆಯ ಮೇಲೆ ನೆದರ್‌ಲ್ಯಾಂಡಿನ ಸರಕಾರವೇ ಬಿದ್ದುಹೋಯಿತು. ಆಗಸ್ಟಿನಲ್ಲಿ ಅವರು ಆ ಪ್ರಾಂತದಿಂದ ಹೊರಟರು. ಕೆನಡದವರು 2011ರಲ್ಲಿ, ಫ್ರಾನ್ಸಿನವರು 2012ರಲ್ಲಿ ಕಾಳಗದ ಕೆಲಸ ಮುಗಿಸಿದರು. ಯಾರೂ ಕರಾರು ಮುರಿಯಲಿಲ್ಲ. ಆದರೆ ಹೆಗಲು ಕೊಟ್ಟವರು ಒಬ್ಬೊಬ್ಬರಾಗಿ ಹೆಗಲು ತೆಗೆದರು.

ಮೂರನೆಯ ಪ್ರಶ್ನೆ: ಮುಗಿಸುವುದನ್ನು ನಿಶ್ಚಯಿಸುವವರು ಯಾರು?

‘ಜೊತೆಗೆ ಬಂದೆವು, ಜೊತೆಗೇ ಹೋಗುವೆವು’ ಎಂಬುದು ಕೂಟದವರು ಬಹುಕಾಲ ಹೇಳುತ್ತಿದ್ದ ಮಾತು. ಆದರೆ 2020ರ ಫೆಬ್ರವರಿ 29ರಂದು ದೋಹಾದಲ್ಲಿ ಅಮೇರಿಕವು ತಾಲಿಬಾನರೊಡನೆ ಒಪ್ಪಂದ ಮಾಡಿಕೊಂಡಾಗ ಸಹಿ ಹಾಕಿದ್ದು ಆ ಎರಡು ಪಕ್ಷಗಳು ಮಾತ್ರ. ಮಿತ್ರರಾಷ್ಟ್ರಗಳ ಸಹಿ ಅದರಲ್ಲಿಲ್ಲ. ಅಫ್ಘಾನ್ ಸರಕಾರದ ಸಹಿಯೂ ಇಲ್ಲ. 2021ರ ಆರಂಭದಲ್ಲಿ ಅಲ್ಲಿ ಉಳಿದಿದ್ದ ಸುಮಾರು 10,000 ವಿದೇಶೀ ಸೈನಿಕರಲ್ಲಿ ಅಮೇರಿಕದವರು 2,500 ಮಾತ್ರ. ಹೆಚ್ಚಿನವರು ಇತರ ರಾಷ್ಟ್ರಗಳವರೇ. ಆದರೂ ಏಪ್ರಿಲ್ 14ರಂದು ಅಮೇರಿಕವು ಹೊರಡುವೆನೆಂದು ಸಾರಿದಾಗ ಉಳಿದವರಿಗೆ ಬೇರೆ ದಾರಿ ಇರಲಿಲ್ಲ. ವಿಮಾನ, ಗುಪ್ತವಾರ್ತೆ, ಗಾಯಾಳುಗಳ ಸಾಗಾಟ ಎಲ್ಲಕ್ಕೂ ಅವರು ಅಮೇರಿಕವನ್ನೇ ನೆಚ್ಚಿದ್ದರು. ಸಂಖ್ಯೆಯಲ್ಲಿ ಹೆಚ್ಚಿದ್ದರೂ ತೀರ್ಮಾನ ಅವರ ಕೈಯಲ್ಲಿರಲಿಲ್ಲ.

ಆಗಸ್ಟ್ 15ರಂದು ತಾಲಿಬಾನರು ಕಾಬೂಲನ್ನು ಹೊಕ್ಕರು. ವಿಮಾನ ನಿಲ್ದಾಣದಲ್ಲಿ ಸಾವಿರಾರು ಜನ ಮುಗಿಬಿದ್ದರು. ಆಗಸ್ಟ್ 31ರ ಗಡುವನ್ನು ಮುಂದೂಡಬೇಕೆಂದು ಬ್ರಿಟನ್ ಮೊದಲಾದ ಮಿತ್ರರು ಕೇಳಿಕೊಂಡರು, ಅಮೇರಿಕ ಒಪ್ಪಲಿಲ್ಲ. ಆಗಸ್ಟ್ 30ರ ರಾತ್ರಿ ಕೊನೆಯ ವಿಮಾನ ಹೊರಟಿತು. ಅಷ್ಟರಲ್ಲಿ 1,20,000ಕ್ಕೂ ಮಿಕ್ಕಿ ಜನರನ್ನು ಸಾಗಿಸಲಾಗಿತ್ತು. ಇದು ಸಣ್ಣ ಕೆಲಸವಲ್ಲ. ಆದರೆ ಮಿತ್ರರ ಮನಸ್ಸಿನಲ್ಲಿ ಉಳಿದುದು ಬೇರೆಯೇ ನೆನಪು. ಹೊರೆಯ ಜಗಳಕ್ಕಿಂತಲೂ ‘ನಮ್ಮನ್ನು ಕೇಳಲಿಲ್ಲ’ ಎಂಬ ನೋವು ಮಿತ್ರಕೂಟವನ್ನು ಹೆಚ್ಚು ಅಲುಗಿಸುತ್ತದೆಂಬುದು ಇಲ್ಲಿ ಸ್ಪಷ್ಟವಾಯಿತು. ಮನೆಯಲ್ಲಿಯೂ ಹಾಗೆಯೇ ಅಲ್ಲವೇ? ಕಷ್ಟದ ಪಾಲು ಹೊರಲು ಒಪ್ಪುವವನು, ತನ್ನ ಮಾತು ಕೇಳದೆ ನಿಶ್ಚಯಿಸಿದರೆ ಒಪ್ಪುವುದಿಲ್ಲ.

ಇನ್ನೊಂದು ಕೂಟದ ಕತೆ

ದೀರ್ಘ ಯುದ್ಧವೊಂದು ಮಿತ್ರಕೂಟವನ್ನು ಕೊನೆಗಾಣಿಸುವುದೂ ಉಂಟು. 1954ರ ಸೆಪ್ಟೆಂಬರ್ 8ರಂದು ಮನಿಲಾದಲ್ಲಿ ಎಂಟು ರಾಷ್ಟ್ರಗಳು ಸೇರಿ ಆಗ್ನೇಯ ಏಷ್ಯದ ಒಪ್ಪಂದಕ್ಕೆ ಸಹಿ ಹಾಕಿದವು. ಸಿಯಾಟೋ ಎಂದು ಅದರ ಹೆಸರು, ಕಚೇರಿ ಬ್ಯಾಂಕಾಕಿನಲ್ಲಿತ್ತು. ಆಗ್ನೇಯ ಏಷ್ಯದಲ್ಲಿ ಸಮತಾವಾದ ಹಬ್ಬದಂತೆ ತಡೆಯುವುದು ಅದರ ಉದ್ದೇಶ. ವಿಯೆಟ್ನಾಮ್ ಯುದ್ಧ ಬಂದಾಗ ಆಸ್ಟ್ರೇಲಿಯ, ನ್ಯೂಜಿಲೆಂಡ್, ಥೈಲ್ಯಾಂಡ್, ಫಿಲಿಪೈನ್ಸ್ ದೇಶಗಳು ಅಮೇರಿಕದ ಜೊತೆಗೆ ಹೋದವು. ಬ್ರಿಟನ್, ಫ್ರಾನ್ಸ್, ಪಾಕಿಸ್ತಾನಗಳು ಸೈನ್ಯ ಕಳುಹಿಸಲಿಲ್ಲ. ಪಾಕಿಸ್ತಾನಕ್ಕೆ ಬೇರೊಂದು ಆಸೆಯಿತ್ತು. 1965 ಮತ್ತು 1971ರಲ್ಲಿ ಭಾರತದೊಡನೆ ಯುದ್ಧವಾದಾಗ ಆ ಕೂಟ ತನ್ನ ನೆರವಿಗೆ ಬರಲಿಲ್ಲವೆಂದು ಕಂಡು ಅದು ಹೊರನಡೆಯಿತು. 1975ರಲ್ಲಿ ಸೈಗಾನ್ ಬಿತ್ತು. 1977ರ ಜೂನ್ 30ರಂದು ಸಿಯಾಟೋ ವಿಸರ್ಜನೆಯಾಯಿತು.

ಸಿಯಾಟೋ ಅಳಿಯಿತು, ನ್ಯಾಟೋ ಉಳಿಯಿತು. ಏಕೆ? ನನಗೆ ತೋರುವುದು ಹೀಗೆ. ಸಿಯಾಟೋದ ಸದಸ್ಯರಿಗೆ ಸಮಾನವಾದ ಮನೆಯೇ ಇರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಭಯ. ದೂರದ ಯುದ್ಧವೇ ಅವರ ಮುಖ್ಯ ಕೆಲಸವಾಗಿತ್ತು. ಯುದ್ಧ ಸೋತಾಗ ಕೂಟಕ್ಕೆ ಕೆಲಸವಿಲ್ಲದಾಯಿತು. ನ್ಯಾಟೋದವರಿಗೆ ಅಫ್ಘಾನಿಸ್ಥಾನ ದೂರದ ಕೆಲಸ. ಯುರೋಪಿನ ರಕ್ಷಣೆ ಮನೆಯ ಕೆಲಸ. ಕಾಬೂಲ್ ಬಿದ್ದ ಆರು ತಿಂಗಳಲ್ಲಿ, 2022ರ ಫೆಬ್ರವರಿ 24ರಂದು, ರಷ್ಯವು ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ಯುದ್ಧ ಹೂಡಿದಾಗ ಮನೆಯ ಕೆಲಸ ಮತ್ತೆ ನೆನಪಾಯಿತು. ಬಹುಕಾಲ ಯಾವ ಮಿತ್ರಕೂಟವೂ ಬೇಡವೆಂದಿದ್ದ ಫಿನ್‌ಲ್ಯಾಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ಸೇರಿ ಸದಸ್ಯರ ಸಂಖ್ಯೆ 32 ಆಯಿತು. ಆದರೆ ಹೊರೆಯ ವಾದ ಮುಗಿಯಲಿಲ್ಲ. 2025ರಲ್ಲಿ ಹೇಗ್ ನಗರದ ಸಭೆಯಲ್ಲಿ, ರಾಷ್ಟ್ರದ ಉತ್ಪನ್ನದ ಶೇಕಡಾ 5ರಷ್ಟನ್ನು 2035ರ ಹೊತ್ತಿಗೆ ರಕ್ಷಣೆಗೂ ಅದಕ್ಕೆ ಸಂಬಂಧಿಸಿದ ಕೆಲಸಗಳಿಗೂ ವೆಚ್ಚ ಮಾಡುವುದೆಂದು ಗೊತ್ತುಮಾಡಿದರು. ಕಾಗದದ ಮೇಲಿನ ಈ ಸಂಖ್ಯೆ ನಂಬಿಕೆಯಾಗಿ ಮಾರ್ಪಡಬೇಕಾದರೆ ಇನ್ನೂ ಕಾಲ ಬೇಕು.

ಕರಾರಿನಲ್ಲಿ ಹೆಸರಿಲ್ಲದವರು

ಇಷ್ಟು ಹೇಳಿ ನಿಲ್ಲಿಸಿದರೆ ಪಾಠ ಅರ್ಧವಾದೀತು. ಮಿತ್ರಕೂಟ ಉಳಿಯಿತೇ ಅಳಿಯಿತೇ ಎಂದು ಲೆಕ್ಕ ಹಾಕುವಾಗ ಯುದ್ಧ ನಡೆದ ನೆಲದವರನ್ನು ಮರೆಯುವುದು ಸುಲಭ. ವಿದೇಶೀ ಸೈನಿಕರಿಗಿಂತ ಹಲವು ಪಟ್ಟು ಹೆಚ್ಚು ಅಫ್ಘಾನ್ ಸೈನಿಕರೂ ಪೊಲೀಸರೂ ಸತ್ತರು. ಹತ್ತಾರು ಸಾವಿರ ಸಾಮಾನ್ಯ ಜನರು ಸತ್ತರು. ದುಭಾಷಿಗಳಾಗಿ ವಿದೇಶೀ ಪಡೆಗಳ ಜೊತೆಯಲ್ಲಿ ದುಡಿದ ಎಷ್ಟೋ ಮಂದಿ ಹಿಂದೆಯೇ ಉಳಿದರು. ಎರಡು ಭಾಷೆಗಳ ನಡುವೆ ಬೆಳೆದ ನಮಗೆ ದುಭಾಷಿಯ ಕಷ್ಟ ಸ್ವಲ್ಪ ಬೇಗ ಅರ್ಥವಾಗಬೇಕು. ಅವನು ಎರಡೂ ಕಡೆಗೆ ಬೇಕಾದವನು. ಆಪತ್ತಿನಲ್ಲಿ ಎರಡೂ ಕಡೆಗೆ ಬೇಡದವನಾಗುವ ಭಯ ಅವನಿಗೆ.

ಆ ಇಪ್ಪತ್ತು ವರ್ಷಗಳಲ್ಲಿ ಲಕ್ಷಾಂತರ ಅಫ್ಘಾನ್ ಹುಡುಗಿಯರು ಶಾಲೆಯ ಮೆಟ್ಟಿಲು ಹತ್ತಿದರು. 2021ರ ಸೆಪ್ಟೆಂಬರಿನಲ್ಲಿ ಪ್ರೌಢಶಾಲೆಗಳು ಹುಡುಗರಿಗೆ ಮಾತ್ರ ತೆರೆದವು. 2022ರ ಮಾರ್ಚ್ 23ರಂದು ಹುಡುಗಿಯರಿಗೂ ತೆರೆಯುವೆವೆಂದು ಹೇಳಿ, ಅವರು ಬಂದು ಕುಳಿತ ಕೆಲವೇ ಗಂಟೆಗಳಲ್ಲಿ ಹಿಂದಕ್ಕೆ ಕಳುಹಿಸಿದರು. ಆರನೆಯ ತರಗತಿಯ ಮೇಲೆ ಅಲ್ಲಿಯ ಹುಡುಗಿಯರಿಗೆ ಶಾಲೆಯ ಬಾಗಿಲು ಮುಚ್ಚಿಯೇ ಇದೆ. ನನಗೆ ಪ್ರಶ್ನೆ ಕೇಳಿದವಳು ಒಂಬತ್ತನೆಯ ತರಗತಿಯವಳೆಂದು ಮೊದಲೇ ಹೇಳಿದೆನಷ್ಟೆ.

ನಮ್ಮ ದೇಶ ಯಾವ ಸೈನಿಕ ಮಿತ್ರಕೂಟವನ್ನೂ ಸೇರಿದ್ದಲ್ಲ. ಅಫ್ಘಾನಿಸ್ಥಾನಕ್ಕೆ ಭಾರತ ಯುದ್ಧಕ್ಕೆ ಸೈನ್ಯ ಕಳುಹಿಸಲಿಲ್ಲ. ಜರಂಜ್–ದೆಲಾರಾಮ್ ರಸ್ತೆಯನ್ನೂ ಹೆರಾತಿನ ಬಳಿಯ ಸಲ್ಮಾ ಅಣೆಕಟ್ಟನ್ನೂ ಕಾಬೂಲಿನ ಪಾರ್ಲಿಮೆಂಟು ಭವನವನ್ನೂ ಕಟ್ಟಿಕೊಟ್ಟಿತು. ಹಾಗೆಂದು ಇದು ಹೊರಗೆ ನಿಂತು ಇತರರ ತಪ್ಪನ್ನು ಎಣಿಸುವ ಹೊತ್ತಲ್ಲ. ಮಾತು ಕೊಡುವುದು ಎಲ್ಲರಿಗೂ ಇದ್ದದ್ದೇ.

ಪ್ರಶ್ನೆ ಕೇಳಿದ ಮಗುವಿಗೆ ನನ್ನ ಉತ್ತರ ಇಷ್ಟು. ಮೈತ್ರಿಯೆಂದರೂ ಸಖ್ಯವೆಂದರೂ ಪತ್ರಿಕೆಯಲ್ಲಿರುವ ಆ ಪದಕ್ಕೆ ಕರಾರು ಎಂದೇ ಅರ್ಥ. ಕರಾರು ನಿಲ್ಲುವುದು ಮಾತ್ರ ಗೆಳೆತನದ ಗುಣಗಳ ಮೇಲೆ. ಹೊರಡುವ ಮೊದಲೇ ಯಾತಕ್ಕೆಂದು ತಿಳಿದಿರಬೇಕು. ಹೊರೆಯನ್ನು ಶಕ್ತಿಗೆ ತಕ್ಕಂತೆ ಹಂಚಬೇಕು, ಚಿಕ್ಕವನ ಪಾಲನ್ನು ಚಿಕ್ಕದೆನ್ನಬಾರದು. ನಿಲ್ಲಿಸುವಾಗ ಜೊತೆಗೆ ಬಂದವರನ್ನು ಕೇಳಬೇಕು. ನಮ್ಮನ್ನು ನಂಬಿ ನಿಂತವರನ್ನು, ಕಾಗದದಲ್ಲಿ ಅವರ ಹೆಸರಿಲ್ಲದಿದ್ದರೂ, ಬಿಟ್ಟು ಬರಬಾರದು. ದೂರದ ದೀರ್ಘ ಯುದ್ಧ ಪರೀಕ್ಷಿಸುವುದು ಈ ನಾಲ್ಕನ್ನು. ನ್ಯಾಟೋ ಕೂಟ ಆ ಪರೀಕ್ಷೆಯಲ್ಲಿ ಒಡೆದುಹೋಗಲಿಲ್ಲ. ಆದರೆ ಒಳ್ಳೆಯ ಅಂಕಗಳೂ ಅದಕ್ಕೆ ಸಿಕ್ಕಲಿಲ್ಲ.

ಯೋಚಿಸಲು ಕೆಲವು ಪ್ರಶ್ನೆಗಳು

1. ನ್ಯಾಟೋ ಒಪ್ಪಂದದ ಐದನೆಯ ವಿಧಿಯಲ್ಲಿರುವ ಸಡಿಲಿಕೆ ಯಾವುದು? ಅದರಿಂದ ಒಳಿತೆಷ್ಟು, ತೊಡಕೆಷ್ಟು?
2. ಸಿಯಾಟೋ ಅಳಿದು ನ್ಯಾಟೋ ಉಳಿಯಲು ಲೇಖಕರು ಕೊಟ್ಟ ಕಾರಣವನ್ನು ನೀವು ಒಪ್ಪುತ್ತೀರಾ? ಬೇರೆ ಕಾರಣಗಳು ನಿಮಗೆ ತೋರುತ್ತವೆಯೇ?
3. ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಎಂಬ ಗಾದೆಯನ್ನು ನಿಮ್ಮ ಮಾತಿನಲ್ಲಿ ವಿಸ್ತರಿಸಿರಿ.
4. ಭೂಪಟದಲ್ಲಿ ಕಾಬೂಲ್, ಹೆರಾತ್, ಕಂದಹಾರಗಳನ್ನು ಗುರುತಿಸಿರಿ. ಸಮುದ್ರತೀರವಿಲ್ಲದ ಆ ದೇಶಕ್ಕೆ ಇಷ್ಟು ದೊಡ್ಡ ಸೈನ್ಯದ ಸಾಮಗ್ರಿಯನ್ನು ಸಾಗಿಸಲು ಯಾವ ನೆರೆದೇಶಗಳನ್ನು ನೆಚ್ಚಬೇಕಾದೀತು?

— ಕನ್ನಡ ಅಧ್ಯಾಪಕ